ಮೂಳೆ ಕ್ಯಾನ್ಸರ್ ‘ಆರಂಭದ ಹಂತ’ ಎಂದರೆ ಏನು? ರಿಪೋರ್ಟ್ ಕೈಗೆ ಬಂದಾಗ ಓದಿಕೊಳ್ಳುವ ಕ್ರಮ

‘ಡಾಕ್ಟರು ಆರಂಭದ ಹಂತ ಅಂತಾರೆ, ಹಾಗಿದ್ದ ಮೇಲೆ ಇಷ್ಟು ತಿಂಗಳ ಕೀಮೋ ಯಾಕೆ?’ ಓದುಗರು ಕೇಳುವ ಪ್ರಶ್ನೆಗಳಲ್ಲಿ ಇದು ಒಂದಲ್ಲ ಒಂದು ರೂಪದಲ್ಲಿ ಇದ್ದೇ ಇರುತ್ತದೆ. ಇದರ ಎದುರು ಪ್ರಶ್ನೆಯೂ ಬರುತ್ತದೆ: ‘ಎರಡನೇ ಹಂತ ಅಂತ ಬರೆದಿದ್ದಾರೆ, ಅಂದರೆ ತಡವಾಯಿತೇ?’ ಎರಡಕ್ಕೂ ಉತ್ತರ ಒಂದೇ ಕಡೆ ಸಿಗುತ್ತದೆ. ಬೇರೆ ಬಹಳಷ್ಟು ಕ್ಯಾನ್ಸರ್‌ಗಳಲ್ಲಿ ಹಂತ ಎಂದರೆ ಮುಖ್ಯವಾಗಿ ಗಡ್ಡೆ ಎಷ್ಟು ದೊಡ್ಡದು, ಎಲ್ಲಿಯವರೆಗೆ ಹರಡಿದೆ ಎಂಬ ಲೆಕ್ಕ. ಮೂಳೆಯ ಕ್ಯಾನ್ಸರ್‌ನಲ್ಲಿ ಜೀವಕೋಶಗಳ ಸ್ವಭಾವವೂ ಆ ಲೆಕ್ಕಕ್ಕೆ ಸೇರುತ್ತದೆ, ಎಷ್ಟೋ ಸಲ ಗಾತ್ರಕ್ಕಿಂತ ಅದೇ ನಿರ್ಣಾಯಕ. ಇದೊಂದು ತಲೆಯಲ್ಲಿದ್ದರೆ ಮುಂದಿನ ಕಾಗದಪತ್ರಗಳೆಲ್ಲ ಅರ್ಥವಾಗುತ್ತಾ ಹೋಗುತ್ತವೆ.

ಓದಲು ಕೂರುವ ಮುನ್ನ ಇವನ್ನು ಕೈಗೆಟಕುವಂತೆ ಇಟ್ಟುಕೊಳ್ಳಿ: ಎಕ್ಸ್‌ರೇ, ಎಂಆರ್‌ಐ, ಸಿಟಿ ರಿಪೋರ್ಟ್‌ಗಳು ಮತ್ತು ಆ ಚಿತ್ರಗಳಿರುವ ಸಿಡಿ; ಬಯಾಪ್ಸಿಯ ಪೆಥಾಲಜಿ ರಿಪೋರ್ಟ್; ರಕ್ತಪರೀಕ್ಷೆಯ ಫಲಿತಾಂಶ; ಒಂದು ನೋಟ್‌ಬುಕ್. ವೈದ್ಯರ ಬಳಿ ಹೋಗುವಾಗ ಜೊತೆಗೊಬ್ಬರು ಇರಲಿ. ಕ್ಯಾನ್ಸರ್ ಎಂಬ ಮಾತು ಕಿವಿಗೆ ಬಿದ್ದ ಮೇಲೆ ಹೇಳಿದ್ದು ಬಹುತೇಕ ನೆನಪಿನಲ್ಲಿ ಉಳಿಯುವುದಿಲ್ಲ. ಬರೆದುಕೊಳ್ಳುವ ಕೆಲಸ ಜೊತೆಗೆ ಬಂದವರದು.

1. ಗಡ್ಡೆ ಮೂಳೆಯಲ್ಲೇ ಹುಟ್ಟಿದ್ದೇ ಎಂದು ಖಚಿತ ಮಾಡಿಕೊಳ್ಳಿ

ಮೂಳೆಯಲ್ಲಿ ಕ್ಯಾನ್ಸರ್ ಕಂಡಿತು ಎಂದರೆ ಅದು ಮೂಳೆ ಕ್ಯಾನ್ಸರ್ ಎಂದೇ ಆಗಬೇಕಿಲ್ಲ. ಸ್ತನ, ಪ್ರಾಸ್ಟೇಟ್, ಶ್ವಾಸಕೋಶ, ಮೂತ್ರಪಿಂಡ, ಥೈರಾಯ್ಡ್ ಇವುಗಳಲ್ಲಿ ಹುಟ್ಟಿದ ಕ್ಯಾನ್ಸರ್ ಮೂಳೆಗೆ ಹರಡುವುದು ಹೆಚ್ಚು ಸಾಮಾನ್ಯ. ವಯಸ್ಕರ ಮೂಳೆಯಲ್ಲಿ ಕಾಣುವ ಕ್ಯಾನ್ಸರ್ ಬಹುಪಾಲು ಇಂಥದ್ದೇ. ಅದನ್ನು ಮೆಟಾಸ್ಟಾಸಿಸ್ ಎನ್ನುತ್ತಾರೆ, ಹುಟ್ಟಿದ ಜಾಗ ಬಿಟ್ಟು ಬೇರೆಡೆ ನೆಲೆಯೂರಿದ್ದು ಎಂದರ್ಥ. ಅದರ ಹಂತ, ಔಷಧಿ, ಚಿಕಿತ್ಸೆ ಎಲ್ಲವೂ ಮೂಲ ಅಂಗದ ಕ್ಯಾನ್ಸರ್‌ನದು. ಮಲ್ಟಿಪಲ್ ಮೈಲೋಮಾ ಕೂಡ ಮೂಳೆಯನ್ನು ತಿನ್ನುತ್ತದೆ. ಆದರೆ ಅದು ಅಸ್ಥಿಮಜ್ಜೆಯಲ್ಲಿರುವ ಒಂದು ಬಗೆಯ ರಕ್ತಕಣದ ಕಾಯಿಲೆ, ಅದಕ್ಕೆ ರಕ್ತದ ಕ್ಯಾನ್ಸರ್ ತಜ್ಞರು ಬೇಕು.

ಮೂಳೆಯಲ್ಲೇ ಹುಟ್ಟುವ ಕ್ಯಾನ್ಸರ್‌ಗೆ ಪ್ರೈಮರಿ ಎಂಬ ವಿಶೇಷಣ ಸೇರಿಸುತ್ತಾರೆ. ಇದು ಅಪರೂಪ, ಎಲ್ಲ ಕ್ಯಾನ್ಸರ್‌ಗಳಲ್ಲಿ ಶೇ 1ಕ್ಕೂ ಕಡಿಮೆ. ಹೀಗಾಗಿ ಅನುಭವಿ ಮೂಳೆ ವೈದ್ಯರು ಕೂಡ ವೃತ್ತಿಯಲ್ಲಿ ಬೆರಳೆಣಿಕೆಯಷ್ಟನ್ನೇ ನೋಡಿರಬಹುದು. ಇದು ಅವರ ದೋಷವಲ್ಲ. ಆದರೆ ನೀವು ಯಾರ ಬಳಿ ಹೋಗಬೇಕು ಎಂಬುದಕ್ಕೆ ಇದು ಬಹಳ ಮುಖ್ಯ, 4ನೇ ಹೆಜ್ಜೆಯಲ್ಲಿ ಅದು ಮತ್ತೆ ಬರುತ್ತದೆ. ಈ ಲೇಖನ ಪ್ರೈಮರಿ ಮೂಳೆ ಕ್ಯಾನ್ಸರ್ ಬಗ್ಗೆ ಮಾತ್ರ.

ಇನ್ನೊಂದು ಮಾತು. ಬಿದ್ದು ಪೆಟ್ಟಾದ ಮೇಲೆ ಗಡ್ಡೆ ಕಾಣಿಸಿತು ಎಂದು ಅನೇಕರು ಹೇಳುತ್ತಾರೆ. ಪೆಟ್ಟಿನಿಂದ ಕ್ಯಾನ್ಸರ್ ಹುಟ್ಟುವುದಿಲ್ಲ. ಪೆಟ್ಟಾಯಿತೆಂದು ತೆಗೆದ ಎಕ್ಸ್‌ರೇಯಲ್ಲಿ ಅದು ಮೊದಲ ಸಲ ಕಣ್ಣಿಗೆ ಬೀಳುತ್ತದೆ, ಅಷ್ಟೇ. ಮಗುವನ್ನು ಆಟಕ್ಕೆ ಬಿಟ್ಟೆವು ಎಂದು ಕೊರಗುವ ತಂದೆತಾಯಿ ಆ ಭಾರವನ್ನು ಇಳಿಸಿಬಿಡಬಹುದು.

2. ಯಾವ ಬಗೆ ಎಂದು ಕೇಳಿ

‘ಮೂಳೆ ಕ್ಯಾನ್ಸರ್’ ಎಂಬುದು ಒಂದೇ ಕಾಯಿಲೆಯ ಹೆಸರಲ್ಲ. ಮುಖ್ಯವಾದ ಮೂರನ್ನು ತಿಳಿದಿದ್ದರೆ ಸಾಕು.

ಆಸ್ಟಿಯೋಸಾರ್ಕೋಮಾ: ಮೂಳೆ ಕಟ್ಟುವ ಕೋಶಗಳಿಂದ ಬರುವುದು. ಬೆಳೆಯುವ ವಯಸ್ಸಿನ ಮಕ್ಕಳು, ಹದಿಹರೆಯದವರಲ್ಲಿ ಹೆಚ್ಚು. ಮಂಡಿಯ ಆಸುಪಾಸಿನಲ್ಲಿ, ಅಂದರೆ ತೊಡೆಮೂಳೆಯ ಕೆಳತುದಿ ಅಥವಾ ಮೊಣಕಾಲ ಕೆಳಗಿನ ಮೂಳೆಯ ಮೇಲ್ತುದಿಯಲ್ಲಿ ಸಾಮಾನ್ಯ. ಆಮೇಲಿನ ಸ್ಥಾನ ಭುಜದ ಹತ್ತಿರದ ತೋಳಿನ ಮೂಳೆಗೆ.

ಯೂಯಿಂಗ್ ಸಾರ್ಕೋಮಾ: 1921ರಲ್ಲಿ ಇದನ್ನು ವಿವರಿಸಿದ ಜೇಮ್ಸ್ ಯೂಯಿಂಗ್ ಅವರ ಹೆಸರಿನದು. ಇದೂ ಮಕ್ಕಳು ಮತ್ತು ಯುವಜನರ ಕಾಯಿಲೆ. ಸೊಂಟದ ಮೂಳೆ, ಪಕ್ಕೆಲುಬು, ಉದ್ದ ಮೂಳೆಗಳ ನಡುಭಾಗದಲ್ಲಿ ಬರುತ್ತದೆ. ಜ್ವರ ಇರಬಹುದು, ರಕ್ತದಲ್ಲಿ ಉರಿಯೂತದ ಸೂಚಕಗಳು ಏರಿರಬಹುದು. ಹಾಗಾಗಿ ಮೂಳೆಯ ಸೋಂಕು ಎಂದು ಆಂಟಿಬಯಾಟಿಕ್ ಕೊಟ್ಟು ವಾರಗಟ್ಟಲೆ ಕಾಯುವುದು ಆಗಾಗ ನಡೆಯುವ ಎಡವಟ್ಟು.

ಕಾಂಡ್ರೋಸಾರ್ಕೋಮಾ: ಮೃದ್ವಸ್ಥಿಯನ್ನು ಉತ್ಪತ್ತಿ ಮಾಡುವ ಗಡ್ಡೆ. ಸಾಮಾನ್ಯವಾಗಿ ನಲವತ್ತು ದಾಟಿದವರಲ್ಲಿ, ಸೊಂಟ, ತೊಡೆ, ಭುಜದ ಮೂಳೆಗಳಲ್ಲಿ. ಬಹಳಷ್ಟು ನಿಧಾನವಾಗಿ ಬೆಳೆಯುತ್ತವೆ.

ಬಗೆ ಗೊತ್ತಾಗುವವರೆಗೆ ಚಿಕಿತ್ಸೆಯ ಬಗ್ಗೆ ಹುಡುಕಾಡಿ ಓದಬೇಡಿ. ಒಂದಕ್ಕೆ ಕೀಮೋ ಜೀವ ಉಳಿಸುತ್ತದೆ, ಇನ್ನೊಂದಕ್ಕೆ ಅದರಿಂದ ಹೆಚ್ಚೇನೂ ಆಗುವುದಿಲ್ಲ. ನೆಂಟರಿಷ್ಟರಲ್ಲಿ ಯಾರಿಗೋ ಆದದ್ದು ನಿಮಗೆ ಅನ್ವಯಿಸುವ ಸಂಭವ ತೀರಾ ಕಡಿಮೆ.

3. ಸ್ಕ್ಯಾನ್ ರಿಪೋರ್ಟ್‌ನ ಭಾಷೆ

ಎಕ್ಸ್‌ರೇ ಅಗ್ಗದ ಹಳೆಯ ಪರೀಕ್ಷೆ ಎಂದು ಕಡೆಗಣಿಸಬೇಡಿ. ಮೂಳೆ ಗಡ್ಡೆಯ ವಿಷಯದಲ್ಲಿ ಮೊದಲ ಸುಳಿವು ಸಿಗುವುದು ಅದರಲ್ಲೇ. ಅಲ್ಲಿ ಬರುವ ಮಾತುಗಳು ಹೀಗಿರುತ್ತವೆ. ‘ಲಿಟಿಕ್’ ಎಂದರೆ ಮೂಳೆ ಕರಗಿದ ಜಾಗ. ‘ಸ್ಕ್ಲೀರೋಟಿಕ್’ ಎಂದರೆ ಮೂಳೆ ಗಟ್ಟಿಯಾಗಿ ಬಿಳಿಯಾಗಿ ಕಾಣುವ ಜಾಗ. ‘ಪೆರಿಆಸ್ಟಿಯಲ್ ರಿಯಾಕ್ಷನ್’ ಎಂದರೆ ಮೂಳೆಯ ಹೊರಪೊರೆ ಕೆರಳಿ ಹೊಸ ಮೂಳೆ ಹಾಕಿದೆ ಎಂದರ್ಥ. ಅದು ಈರುಳ್ಳಿ ಪದರದಂತೆ, ಸೂರ್ಯಕಿರಣದಂತೆ ಅಥವಾ ತ್ರಿಕೋನದಂತೆ ಕಾಣುತ್ತದೆ ಎಂದು ಬರೆದಿರಬಹುದು. ಇವೆಲ್ಲ ಸಂಶಯ ಹೆಚ್ಚಿಸುವ ಚಿಹ್ನೆಗಳು, ತೀರ್ಪಲ್ಲ. ಸೋಂಕಿನಲ್ಲೂ ಇವುಗಳಲ್ಲಿ ಕೆಲವು ಕಾಣುತ್ತವೆ.

ಎಂಆರ್‌ಐ ಗಡ್ಡೆ ಎಲ್ಲಿಂದ ಎಲ್ಲಿಗೆ ಇದೆ, ನರ ಮತ್ತು ರಕ್ತನಾಳಗಳಿಗೆ ಎಷ್ಟು ಹತ್ತಿರ ಎಂದು ತೋರಿಸುತ್ತದೆ. ಇಲ್ಲಿ ಎರಡು ವಿಷಯ ಪರೀಕ್ಷಿಸಿಕೊಳ್ಳಿ. ಮೊದಲನೆಯದು, ನೋಯುವ ಭಾಗವನ್ನಷ್ಟೇ ಅಲ್ಲ, ಆ ಮೂಳೆಯನ್ನು ಒಂದು ಕೀಲಿನಿಂದ ಇನ್ನೊಂದು ಕೀಲಿನವರೆಗೆ ಪೂರ್ತಿ ತೆಗೆದಿರಬೇಕು. ಅದೇ ಮೂಳೆಯ ದೂರದ ತುದಿಯಲ್ಲಿ ಪ್ರತ್ಯೇಕವಾದ ಚಿಕ್ಕ ಗಂಟು ಇರಬಹುದು, ಅದನ್ನು ‘ಸ್ಕಿಪ್ ಲೀಶನ್’ ಎನ್ನುತ್ತಾರೆ. ಎರಡನೆಯದು, ಎಂಆರ್‌ಐ ಬಯಾಪ್ಸಿಗೆ ಮುಂಚೆ ಆಗಿರಬೇಕು. ಬಯಾಪ್ಸಿಯಿಂದಾದ ರಕ್ತಸ್ರಾವ, ಊತ ಚಿತ್ರವನ್ನು ಕಲಸಿಬಿಡುತ್ತವೆ.

ಎದೆಯ ಸಿಟಿ ಯಾಕೆ ಎಂದು ಕೇಳುವವರು ಬಹಳ. ಕಾಲಿನಲ್ಲಿ ಗಡ್ಡೆ, ಎದೆಗೇನು ಸಂಬಂಧ? ಮೂಳೆ ಕ್ಯಾನ್ಸರ್ ರಕ್ತದ ಮೂಲಕ ಸಾಗುತ್ತದೆ ಮತ್ತು ಮೊದಲು ಬಂದು ಸಿಕ್ಕಿಕೊಳ್ಳುವುದು ಶ್ವಾಸಕೋಶದಲ್ಲೇ ಹೆಚ್ಚು. ಸಿಟಿಯಲ್ಲಿ ಕೆಲವು ಮಿಲಿಮೀಟರ್‌ನ ಚುಕ್ಕಿ ಕಂಡು ‘ಇಂಡಿಟರ್ಮಿನೇಟ್ ನಾಡ್ಯೂಲ್’ ಎಂದು ಬರೆದಿದ್ದರೆ, ಇಂಥದ್ದೇ ಎಂದು ಈಗ ಹೇಳಲಾಗದ ಗಂಟು ಎಂದರ್ಥ. ಹಳೆಯ ಸೋಂಕಿನ ಕಲೆಯೂ ಹಾಗೇ ಕಾಣುತ್ತದೆ. ಕೆಲವು ವಾರಗಳ ಬಳಿಕ ಮತ್ತೆ ಸ್ಕ್ಯಾನ್ ಮಾಡಿ ಹೋಲಿಸುತ್ತಾರೆ.

ಉಳಿದ ಮೂಳೆಗಳನ್ನು ನೋಡಲು ಬೋನ್ ಸ್ಕ್ಯಾನ್ ಅಥವಾ ಪೆಟ್-ಸಿಟಿ ಇರುತ್ತದೆ. ರಕ್ತದಲ್ಲಿ ಎಎಲ್‌ಪಿ, ಎಲ್‌ಡಿಎಚ್ ಎಂಬ ಕಿಣ್ವಗಳ ಪ್ರಮಾಣ ನೋಡುತ್ತಾರೆ. ಬೆಳೆಯುವ ಮಕ್ಕಳಲ್ಲಿ ಎಎಲ್‌ಪಿ ಸಹಜವಾಗಿಯೇ ಹೆಚ್ಚಿರುತ್ತದೆ, ಆ ಅಂಕಿ ಕಂಡು ಗಾಬರಿ ಬೇಡ.

4. ಬಯಾಪ್ಸಿ: ಇಲ್ಲಿ ಆತುರ ಪಡಬೇಡಿ

ಈ ಲೇಖನದಲ್ಲಿ ಒಂದೇ ಭಾಗ ಓದುವಷ್ಟು ವ್ಯವಧಾನ ಇದ್ದರೆ ಇದನ್ನು ಓದಿ.

ಬಯಾಪ್ಸಿ ಎಂದರೆ ಗಡ್ಡೆಯ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು. ಚಿಕ್ಕ ಕೆಲಸ, ಯಾರು ಮಾಡಿದರೇನು ಎಂದು ಅನಿಸುತ್ತದೆ. ಆದರೆ ಸೂಜಿ ಹೋದ ದಾರಿಯುದ್ದಕ್ಕೂ ಗಡ್ಡೆಯ ಕೋಶಗಳು ಉಳಿದಿರಬಹುದು. ಹಾಗಾಗಿ ಮುಂದೆ ಆಪರೇಶನ್ ಮಾಡುವಾಗ ಆ ದಾರಿಯನ್ನೂ ಗಡ್ಡೆಯ ಜೊತೆ ಕತ್ತರಿಸಿ ತೆಗೆಯಬೇಕೇ ಎಂದು ಯೋಚಿಸಿಯೇ ಸೂಜಿಯ ಜಾಗ ಗೊತ್ತುಮಾಡುತ್ತಾರೆ. ಸೂಜಿ ತಪ್ಪು ಕಡೆಯಿಂದ ಹೋಗಿ ಮುಖ್ಯ ನರವನ್ನೋ, ಕೀಲಿನ ಒಳಭಾಗವನ್ನೋ, ಪಕ್ಕದ ಸ್ನಾಯುವನ್ನೋ ಮುಟ್ಟಿದರೆ, ಉಳಿಸಬಹುದಾಗಿದ್ದ ಕಾಲನ್ನು ಉಳಿಸುವುದು ಕಷ್ಟವಾಗುತ್ತದೆ. ಹೆನ್ರಿ ಮ್ಯಾಂಕಿನ್ ಮತ್ತು ಸಂಗಡಿಗರು ಅಮೆರಿಕದಲ್ಲಿ 1982ರಲ್ಲೂ ಮತ್ತೆ 1996ರಲ್ಲೂ ಇದನ್ನು ಅಳೆದು ನೋಡಿದರು. ಚಿಕಿತ್ಸೆ ಕೊಡುವ ವಿಶೇಷ ಕೇಂದ್ರದಲ್ಲಿ ಮಾಡದೆ, ರೋಗಿಯನ್ನು ಅಲ್ಲಿಗೆ ಕಳುಹಿಸುವ ಆಸ್ಪತ್ರೆಯಲ್ಲೇ ಬಯಾಪ್ಸಿ ಮುಗಿಸಿದಾಗ ತಪ್ಪುಗಳು, ತೊಡಕುಗಳು ಎರಡರಿಂದ ಹನ್ನೆರಡು ಪಟ್ಟು ಹೆಚ್ಚಿದ್ದವು ಎಂಬುದು ಎರಡನೆಯ ಅಧ್ಯಯನದಲ್ಲಿ ಕಂಡದ್ದು.

ಆದ್ದರಿಂದ ನಿಯಮ ಇದು: ಕೊನೆಯ ಆಪರೇಶನ್ ಯಾರು ಮಾಡುತ್ತಾರೋ ಅವರೇ ಬಯಾಪ್ಸಿ ಮಾಡಬೇಕು, ಇಲ್ಲವೇ ಸೂಜಿ ಎಲ್ಲಿಂದ ಹೋಗಬೇಕೆಂದು ಅವರೇ ಹೇಳಬೇಕು. ಅಂಥವರನ್ನು ಆರ್ಥೋಪೆಡಿಕ್ ಆಂಕಾಲಜಿಸ್ಟ್, ಅಂದರೆ ಮೂಳೆ ಗಡ್ಡೆಗಳ ಶಸ್ತ್ರತಜ್ಞ ಎನ್ನುತ್ತಾರೆ. ಅವರನ್ನು ಕಾಣಲು ಕೆಲವು ದಿನ ಕಾಯಬೇಕಾಗಿ ಬಂದರೆ ಕಾಯಿರಿ. ಆ ಕೆಲವು ದಿನಗಳಿಗಿಂತ ಅಡ್ಡಾದಿಡ್ಡಿ ಬಯಾಪ್ಸಿ ದೊಡ್ಡ ನಷ್ಟ. ಹಾಗೆಂದು ತಿಂಗಳುಗಟ್ಟಲೆ ತಳ್ಳುವುದೂ ಸಲ್ಲದು.

ಸಾಮಾನ್ಯವಾಗಿ ದಪ್ಪ ಸೂಜಿಯಿಂದ ಕೋರ್ ಬಯಾಪ್ಸಿ ಮಾಡುತ್ತಾರೆ. ಸಣ್ಣ ಸೂಜಿಯ ಎಫ್‌ಎನ್‌ಎಸಿ ಮಾತ್ರ ಮಾಡಿ ಮೂಳೆ ಗಡ್ಡೆಯ ಬಗೆ, ಗ್ರೇಡ್ (ಕೋಶಗಳ ಉಗ್ರತೆ) ಎಲ್ಲ ಹೇಳಿಬಿಟ್ಟಿದ್ದರೆ ಅದನ್ನು ಅಂತಿಮ ಎಂದುಕೊಳ್ಳಬೇಡಿ. ಚರ್ಮ ಕೊಯ್ದು ಮಾಡುವುದಾದರೆ ಕೈಕಾಲಿನ ಉದ್ದಕ್ಕೆ ಕೊಯ್ಯುತ್ತಾರೆ, ಅಡ್ಡಲಾಗಿ ಅಲ್ಲ.

ಎಚ್ಚರಿಕೆ: ಸಣ್ಣ ಪೆಟ್ಟಿಗೆ ಮೂಳೆ ಮುರಿದಿದೆ, ಮುರಿದ ಜಾಗ ಎಕ್ಸ್‌ರೇಯಲ್ಲಿ ವಿಚಿತ್ರವಾಗಿ ಕಾಣುತ್ತಿದೆ ಎಂದಾದರೆ ಕಾರಣ ತಿಳಿಯುವ ಮೊದಲು ಮೂಳೆಯೊಳಗೆ ರಾಡ್ ಹಾಕಿಸಿಕೊಳ್ಳಬೇಡಿ. ಒಳಗೆ ಗಡ್ಡೆ ಇದ್ದರೆ ರಾಡ್ ಅದನ್ನು ಮೂಳೆಯುದ್ದಕ್ಕೂ ಎಳೆದುಕೊಂಡು ಹೋಗುತ್ತದೆ. ಊದಿದ ಜಾಗವನ್ನು ಬಲವಾಗಿ ತಿಕ್ಕುವುದು, ಮಾಲೀಶು ಮಾಡಿಸುವುದು ಕೂಡ ಬೇಡ. ಮೂಳೆ ದುರ್ಬಲವಾಗಿದ್ದರೆ ಊರುಗೋಲು ಬೇಕೇ, ಭಾರ ಹಾಕಬಹುದೇ ಎಂದು ಮೊದಲ ಭೇಟಿಯಲ್ಲೇ ಕೇಳಿ.

ರಿಪೋರ್ಟ್ ಬರಲು ಒಂದೆರಡು ವಾರ ಹಿಡಿಯುವುದು ಸಹಜ. ಮೂಳೆಯ ಚೂರನ್ನು ತೆಳುವಾಗಿ ಸೀಳುವ ಮುನ್ನ ಅದರ ಸುಣ್ಣದ ಅಂಶ ಕರಗಿಸಬೇಕು. ಬಳಿಕ ವಿಶೇಷ ಬಣ್ಣಗಳ ಪರೀಕ್ಷೆ, ಬೇಕಾದರೆ ವಂಶವಾಹಿ ಪರೀಕ್ಷೆ. ಯೂಯಿಂಗ್ ಸಂಶಯವಿದ್ದಾಗ ಇಡಬ್ಲ್ಯುಎಸ್‌ಆರ್1 ಎಂಬ ವಂಶವಾಹಿ ಮುರಿದು ಇನ್ನೊಂದಕ್ಕೆ ಅಂಟಿಕೊಂಡಿದೆಯೇ ಎಂದು ನೋಡುತ್ತಾರೆ. ಇದು ಗಡ್ಡೆಯ ಕೋಶಗಳಲ್ಲಿ ಮಾತ್ರ ಆದ ಬದಲಾವಣೆ, ತಂದೆತಾಯಿಯಿಂದ ಬಂದದ್ದಲ್ಲ.

ಎರಡನೆಯ ಅಭಿಪ್ರಾಯ ಪಡೆಯುವುದಾದರೆ ಬರೀ ರಿಪೋರ್ಟ್‌ನ ಜೆರಾಕ್ಸ್ ಸಾಲದು. ಪೆಥಾಲಜಿ ವಿಭಾಗದಿಂದ ಸ್ಲೈಡ್‌ಗಳನ್ನೂ ಮೇಣದಲ್ಲಿ ಹುದುಗಿಸಿಟ್ಟ ಬ್ಲಾಕ್‌ಗಳನ್ನೂ ಕೇಳಿ ಪಡೆಯಿರಿ, ಜೊತೆಗೆ ಸ್ಕ್ಯಾನ್ ಸಿಡಿ ಇರಲಿ. ಮೃದ್ವಸ್ಥಿಯ ಗಡ್ಡೆಗಳಲ್ಲಂತೂ ಇದು ಅತ್ಯಗತ್ಯ. ಎನ್‌ಕಾಂಡ್ರೋಮಾ ಎಂಬ ನಿರಪಾಯ ಗಂಟು ಮತ್ತು ಮೊದಲ ಗ್ರೇಡಿನ ಕಾಂಡ್ರೋಸಾರ್ಕೋಮಾ ಸೂಕ್ಷ್ಮದರ್ಶಕದಲ್ಲಿ ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಪರಿಣತ ಪೆಥಾಲಜಿಸ್ಟ್‌ಗಳಲ್ಲೂ ಒಮ್ಮತ ಇರುವುದಿಲ್ಲ. ಚಿತ್ರ, ನೋವಿನ ವಿವರ, ಸ್ಲೈಡ್ ಮೂರನ್ನೂ ಎದುರಿಗಿಟ್ಟುಕೊಂಡು ತೀರ್ಮಾನಿಸಬೇಕು.

5. ಗ್ರೇಡ್ ಮೊದಲು, ಹಂತ ಆಮೇಲೆ

ಗ್ರೇಡ್ ಬೇರೆ, ಸ್ಟೇಜ್ ಬೇರೆ. ಇವೆರಡನ್ನು ಒಂದೇ ಎಂದುಕೊಂಡು ಕಂಗೆಡುವವರೇ ಹೆಚ್ಚು. ಗ್ರೇಡ್ ಎಂದರೆ ಕೋಶಗಳು ಎಷ್ಟು ಉಗ್ರವಾಗಿ ಕಾಣುತ್ತವೆ ಎಂಬುದು: ಜಿ1 ಸೌಮ್ಯ, ಜಿ2 ಮತ್ತು ಜಿ3 ಉಗ್ರ. ಸ್ಟೇಜ್ ಅಥವಾ ಹಂತ ಎಂದರೆ ಗ್ರೇಡ್, ಗಾತ್ರ, ಹರಡುವಿಕೆ ಮೂರೂ ಸೇರಿದ ಒಟ್ಟು ತೀರ್ಪು.

ಮೊದಲನೇ ಹಂತ ಎಂದರೆ ಸೌಮ್ಯ ಗ್ರೇಡ್, ಹರಡಿಲ್ಲ. ಎರಡನೇ ಹಂತ ಎಂದರೆ ಉಗ್ರ ಗ್ರೇಡ್, ಆದರೂ ಹರಡಿಲ್ಲ. ಹಾಗಾಗಿ ಸಾಮಾನ್ಯ ಬಗೆಯ ಆಸ್ಟಿಯೋಸಾರ್ಕೋಮಾ ಎಷ್ಟು ಬೇಗ ಪತ್ತೆಯಾದರೂ ಮೊದಲನೇ ಹಂತ ಆಗುವುದಿಲ್ಲ, ಅದರ ಗ್ರೇಡೇ ಉಗ್ರ. ಯೂಯಿಂಗ್ ಕೂಡ ಯಾವಾಗಲೂ ಉಗ್ರ. ‘ಎರಡನೇ ಹಂತಕ್ಕೆ ಬಂದುಬಿಟ್ಟಿದೆ’ ಎಂದು ಅಳುವ ಮನೆಯವರಿಗೆ ಹೇಳಬೇಕಾದದ್ದು ಇದೇ: ಅದು ಒಂದನೆಯದರಿಂದ ಎರಡನೆಯದಕ್ಕೆ ಬಂದದ್ದಲ್ಲ, ಈ ಬಗೆಯ ಗಡ್ಡೆ ಎಣಿಕೆ ಶುರುಮಾಡುವುದೇ ಎರಡರಿಂದ. ಹರಡಿಲ್ಲ ಎಂಬುದೇ ಇಲ್ಲಿ ‘ಆರಂಭದ ಹಂತ’ದ ಅರ್ಥ. ‘ಲೋಕಲೈಸ್ಡ್’ ಎಂದು ಬರೆದಿರುತ್ತಾರೆ.

ಹಂತ ಹೇಳುವ ಪದ್ಧತಿಗಳು ಎರಡಿವೆ. ವಿಲಿಯಂ ಎನ್ನೆಕಿಂಗ್ 1980ರಲ್ಲಿ ರೂಪಿಸಿದ್ದರಲ್ಲಿ ಗಡ್ಡೆ ಹುಟ್ಟಿದ ಮೂಳೆಯೊಳಗೇ ಇದ್ದರೆ ಎ, ಮೂಳೆಯ ಗೋಡೆ ಒಡೆದು ಹೊರಬಂದಿದ್ದರೆ ಬಿ. ಎಜೆಸಿಸಿ (ಅಮೆರಿಕದ ಕ್ಯಾನ್ಸರ್ ಜಂಟಿ ಸಮಿತಿ) ಪದ್ಧತಿಯಲ್ಲಿ ಕೈಕಾಲಿನ ಗಡ್ಡೆ 8 ಸೆಂಟಿಮೀಟರ್‌ವರೆಗೆ ಟಿ1, ಅದಕ್ಕೂ ದೊಡ್ಡದು ಟಿ2, ಅದೇ ಮೂಳೆಯಲ್ಲಿ ಪ್ರತ್ಯೇಕ ಗಂಟುಗಳಿದ್ದರೆ ಟಿ3. ಈಗ ನೋಡಿ: 7 ಸೆಂಟಿಮೀಟರಿನ ಉಗ್ರ ಗಡ್ಡೆ ಮೂಳೆ ಒಡೆದು ಹೊರಬಂದಿದ್ದರೆ ಅದು ಎಜೆಸಿಸಿ ಪ್ರಕಾರ (ಗಾತ್ರ ಟಿ1 ಆದ್ದರಿಂದ) 2ಎ, ಎನ್ನೆಕಿಂಗ್ ಪ್ರಕಾರ (ಹೊರಬಂದದ್ದರಿಂದ) 2ಬಿ. ಇಬ್ಬರು ವೈದ್ಯರು ಬೇರೆ ಬೇರೆ ಹೇಳಿದರೆಂದು ಕಾಯಿಲೆ ಏರಿದೆ ಅಂದುಕೊಳ್ಳಬೇಡಿ, ಯಾವ ಪದ್ಧತಿ ಎಂದು ಕೇಳಿ. ಮೂರನೇ ಹಂತದ ವಿಷಯದಲ್ಲಿ ಈ ಗೊಂದಲ ಇನ್ನೂ ದೊಡ್ಡದು. ಎನ್ನೆಕಿಂಗ್‌ನಲ್ಲಿ ಮೂರು ಎಂದರೆ ಬೇರೆಡೆಗೆ ಹರಡಿದೆ. ಎಜೆಸಿಸಿಯಲ್ಲಿ ಅದಕ್ಕೆ ನಾಲ್ಕು, ಮೂರು ಎಂದರೆ ಅದೇ ಮೂಳೆಯಲ್ಲಿ ಪ್ರತ್ಯೇಕ ಗಂಟುಗಳಿರುವ ಉಗ್ರ ಗಡ್ಡೆ.

6. ಹರಡಿಲ್ಲ ಎಂದ ಮೇಲೂ ಕೀಮೋ ಯಾಕೆ

1970ರ ದಶಕಕ್ಕೆ ಮುಂಚೆ ಆಸ್ಟಿಯೋಸಾರ್ಕೋಮಾಕ್ಕೆ ಇದ್ದದ್ದು ಒಂದೇ ದಾರಿ, ಕಾಲೋ ಕೈಯೋ ತೆಗೆಯುವುದು. ಗಡ್ಡೆ ಪೂರ್ತಿ ಹೋಗುತ್ತಿತ್ತು, ಎದೆಯ ಎಕ್ಸ್‌ರೇ ಸ್ವಚ್ಛವಾಗಿರುತ್ತಿತ್ತು. ಆದರೂ ನೂರರಲ್ಲಿ ಹತ್ತಿಪ್ಪತ್ತು ಮಂದಿ ಮಾತ್ರ ಬಹುಕಾಲ ಬದುಕುಳಿಯುತ್ತಿದ್ದರು. ಉಳಿದವರ ಶ್ವಾಸಕೋಶದಲ್ಲಿ ತಿಂಗಳುಗಳ ಬಳಿಕ ಗಂಟು ಕಾಣುತ್ತಿದ್ದವು. ಅಂದರೆ ಯಾವ ಸ್ಕ್ಯಾನಿಗೂ ಸಿಗದಷ್ಟು ಸಣ್ಣ ಕಣಗಳು ಮೊದಲೇ ಹೊರಟಿದ್ದವು. ಇದನ್ನು ಮೈಕ್ರೋಮೆಟಾಸ್ಟಾಸಿಸ್ ಎನ್ನುತ್ತಾರೆ. ಕೀಮೋ ಇರುವುದು ಅವುಗಳಿಗಾಗಿ. ಕೀಮೋ ಸೇರಿದ ಮೇಲೆ, ಹರಡದ ಆಸ್ಟಿಯೋಸಾರ್ಕೋಮಾದಲ್ಲಿ ಐದು ವರ್ಷ ದಾಟುವವರು ಶೇ 60–70ಕ್ಕೆ ಏರಿದರು. ಗಡ್ಡೆ ತೆಗೆದಾಯಿತಲ್ಲ, ಕೀಮೋ ಅರ್ಧಕ್ಕೆ ಬಿಡೋಣ ಎನ್ನುವವರು ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು.

ಆಸ್ಟಿಯೋಸಾರ್ಕೋಮಾಕ್ಕೆ ಸಾಮಾನ್ಯವಾಗಿ ಮೆಥೋಟ್ರೆಕ್ಸೇಟ್, ಡಾಕ್ಸೋರುಬಿಸಿನ್, ಸಿಸ್‌ಪ್ಲಾಟಿನ್ ಸೇರಿದ ಕೀಮೋ ಸುಮಾರು ಹತ್ತು ವಾರ, ನಂತರ ಆಪರೇಶನ್, ಮತ್ತೆ ಕೀಮೋ. ಒಟ್ಟು ಏಳೆಂಟು ತಿಂಗಳು ಲೆಕ್ಕ ಹಾಕಿಕೊಳ್ಳಿ. ಮೊದಲ ಕೀಮೋ ಆದ ಮೇಲೆ ಗಡ್ಡೆ ಕುಗ್ಗಲಿಲ್ಲ ಎಂದು ನಿರಾಶರಾಗಬೇಡಿ. ಅದರೊಳಗಿನ ಗಟ್ಟಿ ಮೂಳೆ ಅಂಶ ಕರಗುವುದಿಲ್ಲ, ಕೋಶಗಳು ಸತ್ತಿದ್ದರೂ ಗಾತ್ರ ಹಾಗೇ ಇರಬಹುದು. ಆಪರೇಶನ್ ಬಳಿಕದ ರಿಪೋರ್ಟ್‌ನಲ್ಲಿ ‘ನೆಕ್ರೋಸಿಸ್’ ಎಂಬ ಶೇಕಡಾವಾರು ಇರುತ್ತದೆ. ಸತ್ತ ಭಾಗ 90 ಅಥವಾ ಹೆಚ್ಚಿದ್ದರೆ ಒಳ್ಳೆಯ ಪ್ರತಿಕ್ರಿಯೆ.

ಯೂಯಿಂಗ್‌ಗೂ ಮೊದಲು ಕೀಮೋ. ಆಮೇಲೆ ಆಪರೇಶನ್, ರೇಡಿಯೇಶನ್ ಅಥವಾ ಎರಡೂ. ರೇಡಿಯೇಶನ್‌ಗೆ ಅದು ಚೆನ್ನಾಗಿ ಬಗ್ಗುತ್ತದೆ. ಸಾಮಾನ್ಯ ಕಾಂಡ್ರೋಸಾರ್ಕೋಮಾಕ್ಕೆ ಚಿಕಿತ್ಸೆ ಎಂದರೆ ಆಪರೇಶನ್ನೇ. ಕೈಕಾಲಿನ ಮೊದಲ ಗ್ರೇಡಿನದಾದರೆ ಕೆರೆದು ತೆಗೆದು ಜಾಗ ತುಂಬಿಸಿದರೂ ಸಾಕಾಗಬಹುದು. ಸೊಂಟದ್ದಾದರೆ ಹಾಗಲ್ಲ. ಮೂಳೆಯ ಮೇಲ್ಮೈಯಲ್ಲಿ ಬೆಳೆಯುವ ಪೆರಾಸ್ಟಿಯಲ್ ಆಸ್ಟಿಯೋಸಾರ್ಕೋಮಾ ಎಂಬ ಸೌಮ್ಯ ಬಗೆಗೂ ಸಾಮಾನ್ಯವಾಗಿ ಆಪರೇಶನ್ ಒಂದೇ ಸಾಕು.

ಕಾಲು ಉಳಿಯುತ್ತದೆಯೇ? ಈಗ ಬಹುಪಾಲು ರೋಗಿಗಳಲ್ಲಿ ಉಳಿಯುತ್ತದೆ. ಕತ್ತರಿಸಿದ ಮೂಳೆಯ ಜಾಗಕ್ಕೆ ಲೋಹದ ಕೀಲು ಅಥವಾ ಬೇರೆ ಮೂಳೆ ಜೋಡಿಸುತ್ತಾರೆ. ಮಕ್ಕಳಿಗೆ ಬೆಳವಣಿಗೆಗೆ ತಕ್ಕಂತೆ ಉದ್ದ ಮಾಡಬಹುದಾದ ಕೀಲುಗಳೂ ಇವೆ. ‘ಮಾರ್ಜಿನ್’ ಎಂಬ ಪದ ಇಲ್ಲಿ ಬರುತ್ತದೆ, ಗಡ್ಡೆಯ ಸುತ್ತ ತೆಗೆದ ಆರೋಗ್ಯಕರ ಅಂಚು ಎಂದರ್ಥ. ಅದು ಸ್ವಚ್ಛವಾಗಿದ್ದರೆ ಕಾಲು ಉಳಿಸಿದವರಿಗೂ ತೆಗೆದವರಿಗೂ ಬದುಕುಳಿಯುವ ಸಾಧ್ಯತೆಯಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ಸ್ವಚ್ಛ ಅಂಚು ಸಿಗುವಂತಿಲ್ಲ ಎಂದಾದಾಗ ಮಾತ್ರ ಕಾಲು ಉಳಿಸಲೇಬೇಕೆಂದು ಹಟ ಹಿಡಿಯಬಾರದು.

7. ಮೊದಲ ಕೀಮೋಗೆ ಮುಂಚೆ

ಮಕ್ಕಳಾಗುವ ವಿಚಾರ ಈಗಲೇ ಎತ್ತಿ. ವೀರ್ಯ ಸಂಗ್ರಹಿಸಿಡುವುದು ಒಂದೆರಡು ದಿನದ ಕೆಲಸ, ಅಂಡಾಣು ಸಂಗ್ರಹಕ್ಕೆ ಸುಮಾರು ಎರಡು ವಾರ ಬೇಕು. ಹದಿನೈದರ ಹುಡುಗನೆದುರು ಈ ಮಾತು ಹೇಗೆ ಎಂದು ಹಿರಿಯರು ಸಂಕೋಚಪಡುತ್ತಾರೆ. ಕೀಮೋ ಶುರುವಾದ ಮೇಲೆ ಆ ಅವಕಾಶ ಕೈತಪ್ಪಬಹುದು. ವೈದ್ಯರು ತಾವಾಗಿ ಹೇಳದಿದ್ದರೆ ನೀವೇ ಕೇಳಿ.

ಡಾಕ್ಸೋರುಬಿಸಿನ್ ಹೃದಯಕ್ಕೆ, ಸಿಸ್‌ಪ್ಲಾಟಿನ್ ಕಿವಿ ಮತ್ತು ಮೂತ್ರಪಿಂಡಕ್ಕೆ ತೊಂದರೆ ಕೊಡಬಲ್ಲವು. ಮುಂಚಿತವಾಗಿ ಎಕೋ (ಹೃದಯದ ಸ್ಕ್ಯಾನ್), ಕಿವಿಯ ಪರೀಕ್ಷೆ ಆಗಿರಲಿ. ಹುಳುಕು ಹಲ್ಲಿದ್ದರೆ ಸರಿಪಡಿಸಿಕೊಳ್ಳಿ.

ಮೆಥೋಟ್ರೆಕ್ಸೇಟ್ ಕೊಡುವ ದಿನಗಳಲ್ಲಿ ಐಬುಪ್ರೊಫೇನ್‌ನಂಥ ನೋವಿನ ಮಾತ್ರೆ, ಕೆಲವು ಆಂಟಿಬಯಾಟಿಕ್, ಅಸಿಡಿಟಿ ಮಾತ್ರೆ ಅಪಾಯಕಾರಿ ಆಗಬಹುದು. ಔಷಧಿ ದೇಹದಿಂದ ಹೊರಹೋಗುವುದನ್ನು ಅವು ತಡೆಯುತ್ತವೆ. ಗಿಡಮೂಲಿಕೆ ಸೇರಿದಂತೆ ಏನೇ ತೆಗೆದುಕೊಳ್ಳುತ್ತಿದ್ದರೂ ಪಟ್ಟಿ ಮಾಡಿ ತೋರಿಸಿ, ಮುಚ್ಚಿಡಬೇಡಿ. ಕೀಮೋ ನಡೆಯುವಾಗ ಜ್ವರ 38 ಡಿಗ್ರಿ ಸೆಲ್ಸಿಯಸ್ ದಾಟಿದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೊರಡಿ.

8. ಚಿಕಿತ್ಸೆ ಮುಗಿದ ಮೇಲೆ

ಮರುಕಳಿಸುವುದಿದ್ದರೆ ಮೊದಲ ಎರಡು ಮೂರು ವರ್ಷಗಳಲ್ಲೇ ಹೆಚ್ಚು. ಆ ಅವಧಿಯಲ್ಲಿ ಸುಮಾರು ಮೂರು ತಿಂಗಳಿಗೊಮ್ಮೆ ಎದೆಯ ಮತ್ತು ಆಪರೇಶನ್ ಆದ ಜಾಗದ ತಪಾಸಣೆ ಇರುತ್ತದೆ, ಆಮೇಲೆ ಅಂತರ ಹೆಚ್ಚುತ್ತದೆ. ಆರಾಮಾಗಿದ್ದೇನೆ ಎಂದು ಸ್ಕ್ಯಾನ್ ತಪ್ಪಿಸಬೇಡಿ. ಶ್ವಾಸಕೋಶದ ಒಂದೆರಡು ಗಂಟು ಬೇಗ ಸಿಕ್ಕರೆ ಆಪರೇಶನ್ ಮಾಡಿ ತೆಗೆಯಬಹುದು, ಅಂಥವರಲ್ಲಿ ಗುಣವಾಗುವವರೂ ಇದ್ದಾರೆ.

ಆಸ್ಪತ್ರೆಯಿಂದ ಒಂದು ಪುಟದ ಚಿಕಿತ್ಸಾ ಸಾರಾಂಶ ಬರೆಸಿಕೊಳ್ಳಿ. ಕಾಯಿಲೆಯ ಬಗೆ, ಗ್ರೇಡ್, ಹಂತ ಮತ್ತು ಅದರ ಪದ್ಧತಿ, ನೆಕ್ರೋಸಿಸ್ ಶೇಕಡಾವಾರು, ಮಾರ್ಜಿನ್, ಹಾಕಿದ ಕೀಲಿನ ಹೆಸರು, ಮಾದರಿ, ಡಾಕ್ಸೋರುಬಿಸಿನ್ ಮತ್ತು ಸಿಸ್‌ಪ್ಲಾಟಿನ್‌ನ ಒಟ್ಟು ಡೋಸ್ ಅದರಲ್ಲಿರಬೇಕು. ಡಾಕ್ಸೋರುಬಿಸಿನ್‌ಗೆ ಜೀವಮಾನದ ಮಿತಿ ಇದೆ. ಹತ್ತು ವರ್ಷದ ಬಳಿಕ ಬೇರೆ ಊರಿನ ಹೃದಯತಜ್ಞರು ಮೊದಲು ಕೇಳುವುದು ಆ ಅಂಕಿಯನ್ನೇ.